ಒಂದು ಚಮಚ ಎಣ್ಣೆಯ ಲೆಕ್ಕ



ಈ ಸಮ್ಮೇಳನದಲ್ಲಿ ಮಾತಾಡಬೇಕೆಂದು ಸಂಘದವರು ಕೇಳಿದಾಗ, ನಾನು ತೆರಿಗೆಯ ಬಗ್ಗೆಯೋ ಊರಿನ ಎನ್‌ಆರ್‌ಐ ಖಾತೆಗಳ ಬಗ್ಗೆಯೋ ಹೇಳುತ್ತೇನೆ ಎಂದುಕೊಂಡಿದ್ದರು. ಇಪ್ಪತ್ತು ವರ್ಷದಿಂದ ನನ್ನ ಕಸುಬು ಅದೇ. ಆದರೆ ಇವತ್ತು ನಾನು ಆರಿಸಿಕೊಂಡಿರುವ ವಿಷಯ ಒಗ್ಗರಣೆ. ಸೊಪ್ಪು ತರಕಾರಿಯ ಜೊತೆ ಒಂದಿಷ್ಟು ಎಣ್ಣೆಯೋ ತುಪ್ಪವೋ ತೆಂಗಿನಕಾಯಿಯೋ ಯಾಕೆ ಇರಬೇಕು, ಇದು ಜಗತ್ತಿಗೆ ಯಾವಾಗ ತಿಳಿಯಿತು, ತಿಳಿದ ಮೇಲೂ ನಾವು ಹೇಗೆ ಮರೆತೆವು ಎಂಬ ಚರಿತ್ರೆ. ನಾನು ವೈದ್ಯನಲ್ಲ, ಆಹಾರ ವಿಜ್ಞಾನಿಯೂ ಅಲ್ಲ. ಲೆಕ್ಕ ತಪಾಸಣೆ ಮಾಡುವವನು. ಒಂದು ಲೆಕ್ಕ ತಾಳೆಯಾಗದಿದ್ದರೆ ಮೂಲ ವೋಚರ್ ಎಲ್ಲಿದೆ ಎಂದು ಹುಡುಕುವುದು ನಮ್ಮ ಅಭ್ಯಾಸ. ಈ ಹುಡುಕಾಟ ಶುರುವಾದದ್ದೂ ಹಾಗೆಯೇ.

ಅಮ್ಮ ಬಂದ ಚಳಿಗಾಲ

ಒಂಬತ್ತು ವರ್ಷದ ಹಿಂದೆ ವಾರ್ಷಿಕ ತಪಾಸಣೆಯಲ್ಲಿ ನನ್ನ ಕೊಲೆಸ್ಟರಾಲ್ ಗೆರೆ ದಾಟಿತ್ತು. ಕರಿದದ್ದು ಕಡಿಮೆ ಮಾಡಿ, ಬೆಣ್ಣೆ ಚೀಸ್ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ಇಷ್ಟೇ. ನಾನು ಕೇಳಿಸಿಕೊಂಡದ್ದು ಮಾತ್ರ ‘ಎಣ್ಣೆ ಬೇಡ’ ಎಂದು. ಮನೆಗೆ ಬಂದವನೇ ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಎಣ್ಣೆಯ ಕಾಲಮ್ಮಿನಲ್ಲಿ ಸೊನ್ನೆ ಬರಬೇಕು, ಅದೇ ಗುರಿ. ಆವಿಯಲ್ಲಿ ಬೇಯಿಸಿದ ಬೀನ್ಸು, ಹಸಿ ಪಾಲಕ್, ತುರಿದ ಕ್ಯಾರೆಟ್, ಮೇಲೆ ಫ್ಯಾಟ್ ಫ್ರೀ ಡ್ರೆಸ್ಸಿಂಗ್. ಒಂದು ವರ್ಷ ಹೀಗೆ ನಡೆಯಿತು. ಮಕ್ಕಳ ತಟ್ಟೆಗೂ ಅದೇ ಬಂತು.

ಆ ಚಳಿಗಾಲದಲ್ಲಿ ಅಮ್ಮ ಆರು ತಿಂಗಳಿಗೆ ಬಂದರು. ಮೊದಲನೇ ದಿನವೇ ತಟ್ಟೆ ನೋಡಿ, “ಏನೋ ಇದು, ದನಕ್ಕೆ ಹಾಕೋ ಹಾಗೆ? ಒಂದು ಚೂರು ಒಗ್ಗರಣೆನೂ ಇಲ್ವಲ್ಲೋ” ಅಂದರು. ನಾನು ಪಾಲಕ್ ಪೊಟ್ಟಣದ ಹಿಂಬದಿ ತೋರಿಸಿ, “ಅಮ್ಮಾ, ಒಂದು ದಿನಕ್ಕೆ ಬೇಕಾದ ವಿಟಮಿನ್ ಎ ಹೆಚ್ಚುಕಡಿಮೆ ಇದರಲ್ಲೇ ಇದೆ” ಎಂದೆ. ಅಮ್ಮ ಪೊಟ್ಟಣ ನೋಡಲೇ ಇಲ್ಲ. “ಬರೀ ಸೊಪ್ಪು ತಿಂದೂ ತಿಂದೂನೇ ನಿಮ್ಮ ಮಾವನಿಗೆ ಇರುಳುಗಣ್ಣು ಬಂದಿದ್ದು ಕಣೋ” ಅಂದುಬಿಟ್ಟರು.

ಈ ಕತೆ ನನಗೆ ಗೊತ್ತಿರಲಿಲ್ಲ. ಅಮ್ಮನ ತವರು ತುಮಕೂರು ಜಿಲ್ಲೆಯ ಪಾವಗಡದ ಕಡೆ. ಮಳೆ ನಂಬಿದ ನೆಲ, ಬೆಳೆ ಎಂದರೆ ಕಡಲೆಕಾಯಿ. 1965-66ರ ಬರದ ಕಾಲದಲ್ಲಿ ಅಮ್ಮನಿಗೆ ಹನ್ನೆರಡು ಹದಿಮೂರು ವರ್ಷ, ಅಮ್ಮನ ತಮ್ಮನಿಗೆ ಆರು. ಹಸು ಬತ್ತಿಹೋಗಿತ್ತು. ಹೊಲದ ಬದುವಿನಲ್ಲಿ ಸಿಕ್ಕ ಬೆರಕೆಸೊಪ್ಪನ್ನು ಬೇಯಿಸಿ, ಬಸಿದು, ಉಪ್ಪು ಖಾರ ಹಾಕಿ, ರಾಗಿಮುದ್ದೆಯ ಜೊತೆ ತಿನ್ನುವುದು. ಹೊತ್ತು ಮುಳುಗಿದ ಮೇಲೆ ಮಾವ ಹೊಸಿಲು ಎಡವಲು ಶುರುಮಾಡಿದರು. ತಟ್ಟೆ ಎಲ್ಲಿದೆ ಎಂದು ನೆಲದ ಮೇಲೆ ಕೈ ಆಡಿಸುತ್ತಿದ್ದರು. ಆಟ ಆಡುತ್ತಿದ್ದಾನೆ ಎಂದು ಮನೆಯವರು ಎರಡು ಏಟು ಕೊಟ್ಟದ್ದೂ ಉಂಟಂತೆ. ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೊಟ್ಟದ್ದು ಮೀನೆಣ್ಣೆ. ಕೆಲವು ವಾರಗಳಲ್ಲಿ ಕಣ್ಣು ಬಂತು.

ಮುಂದಿನ ವರ್ಷ ಊರಿಗೆ ಹೋದಾಗ ತಾತನ ಜಮಾ-ಖರ್ಚಿನ ಪುಸ್ತಕ ಕೇಳಿ ತೆಗೆಸಿಕೊಂಡೆ. ಜಮಾ ಕಡೆ ಕಡಲೆಕಾಯಿ ಮೂಟೆಗಳು. ಅವು ಹೋದದ್ದು ಚಳ್ಳಕೆರೆಗೆ, ಎಣ್ಣೆ ಗಿರಣಿಗಳಿಗೇ ಹೆಸರಾದ ಊರಿಗೆ. ದುಡ್ಡು ಹೋದದ್ದು ಸಾಲದ ಬಡ್ಡಿಗೆ. ಖರ್ಚಿನ ಕಡೆ ತಿಂಗಳಿಗೊಮ್ಮೆ ಒಂದು ಸಾಲು: ‘ಎಣ್ಣೆ, ಕಾಲು ಸೇರು.’ ಮನೆಯಲ್ಲಿ ಏಳು ಜನ. ಸೇರನ್ನು ಸುಮಾರು ಒಂದು ಲೀಟರ್ ಎಂದು ಹಿಡಿದರೆ ತಲೆಗೆ ದಿನಕ್ಕೆ ಒಂದು ಗ್ರಾಂ ಆಸುಪಾಸು. ಎಣ್ಣೆ ಬೀಜ ಬೆಳೆಯುವ ಮನೆಯಲ್ಲಿ ಎಣ್ಣೆ ಇಲ್ಲ, ಸೊಪ್ಪು ತುಂಬಿದ ತಟ್ಟೆಯ ಮುಂದೆ ಕೂತ ಮಗುವಿಗೆ ಕಣ್ಣು ಕಾಣುವುದಿಲ್ಲ. ಈ ಲೆಕ್ಕ ತಾಳೆಯಾಗಲಿಲ್ಲ. ಅಲ್ಲಿಂದ ನನ್ನ ಓದು ಶುರುವಾಯಿತು.

ಎಳ್ಳಿನ ನೆಯ್ಯಿಂದ ಎಣ್ಣೆ

ಮೊದಲು ನಮ್ಮ ನುಡಿಯಲ್ಲೇ ಇರುವ ದಾಖಲೆ ನೋಡೋಣ. ‘ಎಣ್ಣೆ’ ಎಂಬ ಮಾತು ಎಳ್ಳು ಮತ್ತು ನೆಯ್ ಸೇರಿ ಆದದ್ದು. ನೆಯ್ ಎಂದರೆ ಜಿಡ್ಡು, ತುಪ್ಪ. ‘ಬೆಣ್ಣೆ’ ಎಂದರೆ ಬಿಳಿಯ ನೆಯ್. ಎಳ್ಳಿನ ಜಿಡ್ಡಿಗೆ ಹುಟ್ಟಿದ ಹೆಸರು ಆಮೇಲೆ ಎಲ್ಲ ಬೀಜಗಳ ಜಿಡ್ಡಿಗೂ ಹರಡಿತು. ಹಾಗಾಗಿ ಕಡಲೆಕಾಯಿ ಎಣ್ಣೆ ಎಂದಾಗಲೆಲ್ಲ ನಾವು ಗೊತ್ತಿಲ್ಲದೆ ಎಳ್ಳನ್ನೂ ನೆನೆಯುತ್ತೇವೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ನಂತರದ ಕಾಲದ ನೆಂಟ. ಅದಕ್ಕೂ ಮುಂಚೆ ನಮ್ಮ ನಾಡಿನಲ್ಲಿ ಎಳ್ಳು, ಹುಚ್ಚೆಳ್ಳು, ಕುಸುಬೆ, ಹರಳು, ಕರಾವಳಿಯಲ್ಲಿ ತೆಂಗು ಇದ್ದವು.

ನನ್ನಂಥವನಿಗೆ ಇನ್ನೂ ಹತ್ತಿರವಾದ ದಾಖಲೆ ಶಾಸನಗಳು. ಕನ್ನಡ ಶಾಸನಗಳಲ್ಲಿ ‘ಗಾಣದೆರೆ’ ಎಂಬ ತೆರಿಗೆ ಬರುತ್ತದೆ, ಎಣ್ಣೆ ತೆಗೆಯುವ ಗಾಣದ ಮೇಲಿನ ತೆರಿಗೆ. ದೇವಾಲಯದ ನಂದಾದೀವಿಗೆಗೆ ಇಷ್ಟು ಎಣ್ಣೆ ಎಂದು ದತ್ತಿ ಬಿಟ್ಟ ಶಾಸನಗಳೂ ಇವೆ. ತೆರಿಗೆ ಹಾಕುವಷ್ಟು, ದತ್ತಿ ಬಿಡುವಷ್ಟು ಬೆಲೆಯುಳ್ಳ ವಸ್ತು ಅದು. ಅಡುಗೆಯ ಬಗ್ಗೆಯೂ ನಮ್ಮಲ್ಲಿ ಹಳೆಯ ಬರಹಗಳಿವೆ. 11ನೇ ಶತಮಾನದ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯವಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ರಾಜನ ಊಟವನ್ನು ವಿವರಿಸಿದ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಪೂರ್ತಿ ಸಸ್ಯಾಹಾರದ ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲಿ ಬರೆದ. ಇವೆಲ್ಲ ಉಳ್ಳವರ ಅಡುಗೆಮನೆಗಳು. ನಮ್ಮ ತಾತನ ಪುಸ್ತಕದ ‘ಕಾಲು ಸೇರು’ ಯಾವ ಗ್ರಂಥದಲ್ಲೂ ಬರುವುದಿಲ್ಲ.

ಹಳದಿ ಬಣ್ಣದ ಗುಟ್ಟು

ಇನ್ನು ವಿಜ್ಞಾನದ ಕಡೆಗೆ ಬರೋಣ. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಎಂಬಾತ ಕ್ಯಾರೆಟ್ಟಿನಿಂದ ಒಂದು ಬಣ್ಣವನ್ನು ಬೇರ್ಪಡಿಸಿ ಅದಕ್ಕೆ ಕ್ಯಾರೋಟಿನ್ ಎಂದು ಹೆಸರಿಟ್ಟ. ಅದು ಊಟಕ್ಕೂ ಕಣ್ಣಿಗೂ ಸಂಬಂಧಪಟ್ಟದ್ದು ಎಂದು ಆಗ ಯಾರೂ ಎಣಿಸಿರಲಿಲ್ಲ.

1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಕಾಲಮ್ ಮತ್ತು ಮಾರ್ಗರೆಟ್ ಡೇವಿಸ್ ಇಲಿಗಳಿಗೆ ಬೇರೆಬೇರೆ ಜಿಡ್ಡು ತಿನ್ನಿಸಿ ನೋಡುತ್ತಿದ್ದರು. ಬೆಣ್ಣೆಯ ಕೊಬ್ಬು ಅಥವಾ ಮೊಟ್ಟೆಯ ಹಳದಿ ಕೊಟ್ಟ ಇಲಿಗಳು ಬೆಳೆದವು. ಹಂದಿಯ ಕೊಬ್ಬು, ಆಲಿವ್ ಎಣ್ಣೆ ಕೊಟ್ಟವು ಬೆಳೆಯಲಿಲ್ಲ. ಅದೇ ವರ್ಷ ಯೇಲ್‌ನ ಆಸ್‌ಬಾರ್ನ್ ಮತ್ತು ಮೆಂಡೆಲ್ ಕೂಡ ಬೆಣ್ಣೆಯಲ್ಲಿ ಏನೋ ಇದೆ ಎಂಬ ತೀರ್ಮಾನಕ್ಕೆ ಬಂದರು. ಜಿಡ್ಡಿನಲ್ಲಿ ಕರಗುವ ಆ ವಸ್ತುವೇ ಮುಂದೆ ವಿಟಮಿನ್ ಎ ಆಯಿತು. ಇಲ್ಲಿ ಒಂದು ಮಾತು ಗಮನಿಸಿ. ಆಲಿವ್ ಎಣ್ಣೆ ಕೊಟ್ಟ ಇಲಿಗಳೂ ಸೋತವು. ಅಂದರೆ ಬರೀ ಎಣ್ಣೆ ಸಾಲದು. ಎಣ್ಣೆ ಎಂಬುದು ಗಾಡಿ, ಅದರ ಮೇಲೆ ಸರಕೂ ಇರಬೇಕು.

1919ರಲ್ಲಿ ವಿಸ್ಕಾನ್ಸಿನ್‌ನವರೇ ಆದ ಸ್ಟೀನ್‌ಬಾಕ್, ಹಳದಿ ಜೋಳ ತಿಂದ ಇಲಿಗಳು ಬೆಳೆಯುತ್ತವೆ, ಬಿಳಿ ಜೋಳ ತಿಂದವು ಬೆಳೆಯುವುದಿಲ್ಲ ಎಂದು ತೋರಿಸಿದರು. ಇಲ್ಲಿ ಜೋಳ ಎಂದರೆ ಮುಸುಕಿನ ಜೋಳ. ಹಾಗಾದರೆ ಹಳದಿ ಬಣ್ಣಕ್ಕೂ ವಿಟಮಿನ್ನಿಗೂ ನಂಟು ಏನು? 1930ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್ ಅದನ್ನು ಬಿಡಿಸಿದರು: ತರಕಾರಿಯ ಕ್ಯಾರೋಟಿನ್ ದೇಹದೊಳಗೆ ವಿಟಮಿನ್ ಎ ಆಗಿ ಮಾರ್ಪಡುತ್ತದೆ. ಮಾಂಸ, ಮೊಟ್ಟೆ, ಹಾಲು ಸಿಗದವರಿಗೆ ಸೊಪ್ಪು ಮತ್ತು ಹಳದಿ ತರಕಾರಿಯೇ ಆಸರೆ ಎಂಬ ಭರವಸೆ ಅಲ್ಲಿಂದ ಹುಟ್ಟಿತು.

ಕೂನೂರಿನ ಪಟ್ಟಿ

ಆ ಭರವಸೆ ಭಾರತಕ್ಕೂ ಬಂತು. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ಮೆಕ್ಯಾರಿಸನ್ ಶುರುಮಾಡಿದ್ದ ಪುಟ್ಟ ಸಂಶೋಧನಾ ಘಟಕ ಬೆಳೆದು ಪೋಷಣಾ ಸಂಶೋಧನಾಲಯವಾಗಿತ್ತು. 1937ರಲ್ಲಿ ಅಲ್ಲಿನ ಆಯ್ಕ್ರಾಯ್ಡ್ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪಟ್ಟಿಯನ್ನು ಪ್ರಕಟಿಸಿದರು. ನಮ್ಮ ಸೊಪ್ಪುಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಂಕಿಯಲ್ಲಿ ನೋಡುವ ಅಭ್ಯಾಸ ನಮ್ಮಲ್ಲಿ ಬೇರೂರಿದ್ದು ಆ ಪುಸ್ತಕದಿಂದ. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು.

ಪಟ್ಟಿ ಒಳ್ಳೆಯದೇ. ಆದರೆ ಅದು ಇನ್‌ವಾಯ್ಸ್ ಪುಸ್ತಕ. ನಮ್ಮ ಕಸುಬಿನಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಇದು: ಬಿಲ್ ಮಾಡಿದ್ದೆಲ್ಲ ವಸೂಲಾಗುವುದಿಲ್ಲ. ನೂರು ರೂಪಾಯಿ ಬಿಲ್ಲಿನಲ್ಲಿ ಬ್ಯಾಂಕಿಗೆ ಎಷ್ಟು ಬಂತು ಎಂಬುದು ಬೇರೆಯೇ ಲೆಕ್ಕ. ಸೊಪ್ಪಿನಲ್ಲಿ ಇರುವ ಕ್ಯಾರೋಟಿನ್ ಬಿಲ್ಲು, ರಕ್ತಕ್ಕೆ ಸೇರಿದ್ದು ವಸೂಲಿ. ನಾನು ಅಮ್ಮನಿಗೆ ತೋರಿಸಿದ ಪೊಟ್ಟಣದ ಹಿಂಬದಿಯಲ್ಲಿದ್ದದ್ದೂ ಬಿಲ್ಲೇ.

ವಸೂಲಿಯನ್ನು ಅಳೆದವರು ಯಾರು? 1958ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಡೆದದ್ದು ಆಗ ಬೆಲ್ಜಿಯಂ ಆಡಳಿತದಲ್ಲಿದ್ದ ಆಫ್ರಿಕದ ರುವಾಂಡ-ಉರುಂಡಿಯಲ್ಲಿ. ಅಲ್ಲಿನ ಹುಡುಗರು ಕ್ಯಾರೋಟಿನ್ ಇರುವ ತರಕಾರಿ ತಿನ್ನುತ್ತಿದ್ದರು, ಆದರೂ ವಿಟಮಿನ್ ಎ ಕೊರತೆ. ಅವರ ಊಟದಲ್ಲಿ ಜಿಡ್ಡು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದಿನಕ್ಕೆ 18 ಗ್ರಾಂ ಆಲಿವ್ ಎಣ್ಣೆ ಸೇರಿಸಿದಾಗ, ಶೇಕಡ 5ರ ಒಳಗಿದ್ದ ಹೀರಿಕೆ ಸುಮಾರು ಶೇಕಡ 25ಕ್ಕೆ ಏರಿತು. ಸೊಪ್ಪು ಅದೇ, ಹುಡುಗರು ಅವರೇ, ವಸೂಲಿ ಐದು ಪಟ್ಟು.

ಹೈದರಾಬಾದಿನ ನಮ್ಮ ಸಂಸ್ಥೆಯವರು ಇದನ್ನೇ ಮಕ್ಕಳಲ್ಲಿ ಸೊಪ್ಪು ಕೊಟ್ಟು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದರು. ಸೊಪ್ಪಿನ ಜೊತೆ 5 ಗ್ರಾಂ ಜಿಡ್ಡು ಕೊಟ್ಟಾಗ ರಕ್ತದಲ್ಲಿ ವಿಟಮಿನ್ ಎ ಚೆನ್ನಾಗಿ ಏರಿತು. ಅದನ್ನು 10 ಗ್ರಾಂ ಮಾಡಿದರೆ ಹೆಚ್ಚಿನ ಲಾಭ ಕಾಣಲಿಲ್ಲ. ಈ ಎರಡೂ ವಾಕ್ಯಗಳನ್ನು ನೆನಪಿಟ್ಟುಕೊಳ್ಳಿ. 5 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ನಮ್ಮ ತಾತನ ಮನೆಯಲ್ಲಿ ಇಡೀ ದಿನಕ್ಕೆ ಸಿಗುತ್ತಿದ್ದದ್ದು ಒಂದು ಗ್ರಾಂ.

ಮಾವನ ಇರುಳುಗಣ್ಣಿಗೆ ಎಣ್ಣೆಯ ಕೊರತೆಯೊಂದೇ ಕಾರಣ ಎಂದು ನಾನು ಸಹಿ ಹಾಕಲಾರೆ. ಹಾಲಿಲ್ಲ, ಬರಗಾಲ, ಮಕ್ಕಳ ಭೇದಿ, ಹೊಟ್ಟೆಹುಳು, ಎಲ್ಲವೂ ಕೊರತೆಯನ್ನು ಹೆಚ್ಚಿಸುವಂಥವೇ. ಒಂದು ವೋಚರ್ ನೋಡಿ ಇಡೀ ಲೆಕ್ಕ ಬರೆಯುವ ಹಾಗಿಲ್ಲ. ಆದರೆ ಆ ಮನೆಯಂಥ ಲಕ್ಷಾಂತರ ಮನೆಗಳಲ್ಲಿ ಸೊಪ್ಪಿದ್ದೂ ಕಣ್ಣು ಸೋತದ್ದು ಯಾಕೆ ಎಂಬುದಕ್ಕೆ ಇದು ಒಂದು ಗಟ್ಟಿ ಉತ್ತರ. ಭಾರತ ಸರ್ಕಾರ 1970ರಲ್ಲಿ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ಕೊಡುವ ಕಾರ್ಯಕ್ರಮ ಶುರುಮಾಡಿತು. ಅದನ್ನೂ ಎಣ್ಣೆಯಲ್ಲೇ ಕಲಸಿ ಚಮಚದಲ್ಲಿ ಕುಡಿಸುತ್ತಿದ್ದರು. ನನ್ನ ಪೀಳಿಗೆಯವರು ಹಲವರು ಅದನ್ನು ಕುಡಿದಿದ್ದೇವೆ.

ಡಾಲ್ಡಾ ಮತ್ತು ಎಳ್ಳೆಣ್ಣೆಯ ಗುರುತು

ಜಿಡ್ಡಿನ ಚರಿತ್ರೆ ಹೇಳುವಾಗ ಡಾಲ್ಡಾ ಬಿಟ್ಟರೆ ಲೆಕ್ಕ ಅರೆಬರೆಯಾಗುತ್ತದೆ. 1937ರಲ್ಲಿ ಮಾರುಕಟ್ಟೆಗೆ ಬಂದ ಆ ವನಸ್ಪತಿ, ತುಪ್ಪ ಕೊಳ್ಳಲಾಗದ ಮನೆಗಳಿಗೆ ತುಪ್ಪದ ಹಾಗೆ ಕಂಡಿತು. ಗಾಂಧೀಜಿ ಅದನ್ನು ವಿರೋಧಿಸಿದರು. ತುಪ್ಪದಲ್ಲಿ ಸಹಜವಾಗಿ ಇರುವ ವಿಟಮಿನ್ ಎ ಅದರಲ್ಲಿ ಇರಲಿಲ್ಲ. ಅದಕ್ಕೇ 1953ರಿಂದ ಅದಕ್ಕೆ ವಿಟಮಿನ್ ಎ ಸೇರಿಸುವುದು ಕಡ್ಡಾಯವಾಯಿತು. ಇನ್ನೊಂದು ಕಡ್ಡಾಯ ನನಗೆ ಬಹಳ ಇಷ್ಟವಾದದ್ದು. ವನಸ್ಪತಿಯಲ್ಲಿ ಕನಿಷ್ಠ ಶೇಕಡ 5 ಎಳ್ಳೆಣ್ಣೆ ಇರಬೇಕು ಎಂಬ ನಿಯಮ. ಆರೋಗ್ಯಕ್ಕಲ್ಲ, ಕಳ್ಳತನ ಹಿಡಿಯಲು. ಎಳ್ಳೆಣ್ಣೆಗೆ ಬೋದ್ವಾ ಪರೀಕ್ಷೆ ಎಂಬ ರಾಸಾಯನಿಕ ಪರೀಕ್ಷೆ ಮಾಡಿದರೆ ಕೆಂಪು ಬಣ್ಣ ಬರುತ್ತದೆ. ತುಪ್ಪಕ್ಕೆ ಯಾರಾದರೂ ವನಸ್ಪತಿ ಬೆರೆಸಿದ್ದರೆ ಬಣ್ಣ ಬಂದು ಸಿಕ್ಕಿಬೀಳುತ್ತಾರೆ. ಲೆಕ್ಕಪರಿಶೋಧಕರು ಹಾಕುವ ಗುರುತಿಗಿಂತ ಜಾಣ ಗುರುತು ಇದು. ಹೀಗೆ ಎಣ್ಣೆಗೆ ಹೆಸರು ಕೊಟ್ಟ ಎಳ್ಳು ಕೊನೆಗೆ ಸಾಕ್ಷಿಯಾಗಿಯೂ ನಿಂತಿತು. ವನಸ್ಪತಿಯ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂಬುದು ತಿಳಿದದ್ದು ದಶಕಗಳ ನಂತರ. ಎಲ್ಲ ಜಿಡ್ಡೂ ಒಂದೇ ಅಲ್ಲ ಎಂಬ ಪಾಠ ಅದು.

ಅಮೆರಿಕದ ಸೊನ್ನೆ

ನಮ್ಮ ಊರಿನಲ್ಲಿ ಎಣ್ಣೆ ಸಾಲದೆ ಮಕ್ಕಳು ಸೋತರೆ, ನಾವು ಬಂದು ನೆಲೆಸಿದ ಈ ದೇಶದಲ್ಲಿ ಹೆದರಿಕೆಯೇ ಬೇರೆ. 1977ರಲ್ಲಿ ಸೆನೆಟರ್ ಮೆಕ್‌ಗವರ್ನ್ ಅವರ ಸಮಿತಿ, ಊಟದ ಶಕ್ತಿಯಲ್ಲಿ ಜಿಡ್ಡಿನ ಪಾಲು ಶೇಕಡ 30ಕ್ಕೆ ಇಳಿಯಬೇಕು ಎಂದು ಹೇಳಿತು. 1980ರ ಮೊದಲ ಆಹಾರ ಮಾರ್ಗಸೂಚಿ, ಅತಿಯಾದ ಕೊಬ್ಬು ಬೇಡ ಎಂದಿತು. ಹೃದಯಾಘಾತದಿಂದ ಜನ ಸಾಯುತ್ತಿದ್ದ ಕಾಲ, ಹೇಳಿದವರ ಕಾಳಜಿ ನಿಜವಾದದ್ದು. ‘ಅತಿ ಬೇಡ’ ಎಂಬ ಮಾತು ಅಂಗಡಿಯ ಕಪಾಟಿಗೆ ಬರುವಷ್ಟರಲ್ಲಿ ‘ಸೊನ್ನೆ’ ಆಗಿತ್ತು. ನಾನು ಡಾಕ್ಟರ ಮಾತಿಗೆ ಮಾಡಿದ್ದನ್ನೇ ಒಂದು ಇಡೀ ಉದ್ಯಮ ಮಾಡಿತ್ತು.

ಆ ಸೊನ್ನೆಯಲ್ಲೂ ಲೆಕ್ಕದ ಚಮತ್ಕಾರ ಇದೆ. ಇಲ್ಲಿನ ಲೇಬಲ್ ನಿಯಮದಲ್ಲಿ ಒಂದು ಸರ್ವಿಂಗಿಗೆ ಅರ್ಧ ಗ್ರಾಮಿಗಿಂತ ಕಡಿಮೆ ಕೊಬ್ಬಿದ್ದರೆ ಸೊನ್ನೆ ಎಂದು ಬರೆಯಬಹುದು. ಬಾಣಲೆಗೆ ಹೊಡೆಯುವ ಎಣ್ಣೆ ಸ್ಪ್ರೇ ಡಬ್ಬಿಯಲ್ಲಿರುವುದು ಹೆಚ್ಚುಕಡಿಮೆ ಬರೀ ಎಣ್ಣೆ, ಆದರೆ ಸರ್ವಿಂಗ್ ಎಂದರೆ ಸೆಕೆಂಡಿನ ಕಾಲು ಭಾಗ ಒತ್ತಿದ್ದು. ಹಾಗಾಗಿ ಅದೂ ಸೊನ್ನೆ!

1996ರಲ್ಲಿ ಓಲೆಸ್ಟ್ರಾ ಎಂಬ ಕೃತಕ ಜಿಡ್ಡಿಗೆ ಇಲ್ಲಿ ಅನುಮತಿ ಸಿಕ್ಕಿತು. ಚಿಪ್ಸ್ ಕರಿಯಬಹುದು, ಆದರೆ ದೇಹ ಅದನ್ನು ಹೀರುವುದಿಲ್ಲ. ಬಾಯಿಗೆ ರುಚಿ, ಸೊಂಟಕ್ಕೆ ಸೊನ್ನೆ. ತೊಂದರೆ ಏನೆಂದರೆ, ಜಿಡ್ಡಿನಲ್ಲಿ ಕರಗುವ ವಿಟಮಿನ್ನುಗಳು ಮತ್ತು ಕ್ಯಾರೋಟಿನ್ ಅದರಲ್ಲೂ ಕರಗಿ, ಅದರ ಜೊತೆಗೇ ಹೊರಗೆ ಹೋಗುತ್ತಿದ್ದವು. ಅದಕ್ಕೇ ಎ, ಡಿ, ಇ, ಕೆ ವಿಟಮಿನ್ನುಗಳನ್ನು ಅದಕ್ಕೆ ಸೇರಿಸಲೇಬೇಕು ಎಂದು ಸರ್ಕಾರ ಷರತ್ತು ಹಾಕಿತು. ಜಿಡ್ಡು ಮಾಡುವ ಸಾಗಣೆಯ ಕೆಲಸ ಏನು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಸರಕನ್ನು ಹೊತ್ತ ಗಾಡಿ ಊರೊಳಗೆ ನಿಲ್ಲದೆ ಊರಾಚೆಗೆ ಹೋಗಿಬಿಟ್ಟರೆ ಏನಾಗುತ್ತದೋ ಅದೇ ಆಯಿತು.

2004ರಲ್ಲಿ ಅಯೋವಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು ನನ್ನ ತಟ್ಟೆಯನ್ನೇ ಪರೀಕ್ಷೆಗೆ ಇಟ್ಟ ಹಾಗೆ ಒಂದು ಅಧ್ಯಯನ ಪ್ರಕಟಿಸಿದರು. ಪಾಲಕ್, ಲೆಟ್ಯೂಸ್, ಟೊಮೆಟೊ, ಕ್ಯಾರೆಟ್ಟಿನ ಅದೇ ಸಲಾಡನ್ನು ಮೂರು ಬಗೆಯ ಡ್ರೆಸ್ಸಿಂಗ್ ಜೊತೆ ಕೊಟ್ಟರು: ಎಣ್ಣೆ ಇಲ್ಲದ್ದು, 6 ಗ್ರಾಂ ಎಣ್ಣೆಯದ್ದು, 28 ಗ್ರಾಂ ಎಣ್ಣೆಯದ್ದು. ಎಣ್ಣೆ ಇಲ್ಲದಾಗ ರಕ್ತಕ್ಕೆ ಸೇರಿದ ಕ್ಯಾರೋಟಿನ್ ಹೆಚ್ಚುಕಡಿಮೆ ಏನೂ ಇಲ್ಲ. 6 ಗ್ರಾಮಿಗೆ ಸೇರಿತು, 28 ಗ್ರಾಮಿಗೆ ಇನ್ನೂ ಹೆಚ್ಚು. ನಾನು ಒಂದು ವರ್ಷ ತಿಂದ ಸಲಾಡಿನ ಬಿಲ್ಲುಗಳೆಲ್ಲ ಬಹುತೇಕ ಬಾಕಿ ಉಳಿದಿದ್ದವು.

ಬೆಲೆ ಇಳಿಸಿದ ವರ್ಷ

ಇದರ ನಡುವೆ ಸೊಪ್ಪಿನ ಮೌಲ್ಯವನ್ನೇ ಜಗತ್ತು ಮರುಪರಿಶೀಲಿಸಿತು. 1995ರಲ್ಲಿ ಇಂಡೊನೇಷ್ಯಾದ ಅಧ್ಯಯನವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಾಲೂಡಿಸುವ ತಾಯಂದಿರಿಗೆ ದಿನವೂ ಹಸಿರು ಸೊಪ್ಪು ಕೊಟ್ಟರೂ ವಿಟಮಿನ್ ಎ ಸ್ಥಿತಿ ಸುಧಾರಿಸಲಿಲ್ಲ ಎಂದು ಅದು ಹೇಳಿತು. ಎಲೆಯ ಕೋಶದೊಳಗೆ ಕ್ಯಾರೋಟಿನ್ ಎಷ್ಟು ಗಟ್ಟಿಯಾಗಿ ಬಂಧಿಯಾಗಿರುತ್ತದೆ ಎಂಬ ಚರ್ಚೆ ಎದ್ದಿತು. 2001ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವಿನಿಮಯ ದರವನ್ನೇ ಬದಲಿಸಿತು. ಅದುವರೆಗೆ ಆಹಾರದ 6 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ನಿಗೆ 1 ಮೈಕ್ರೋಗ್ರಾಂ ವಿಟಮಿನ್ ಎ ಎಂದಿದ್ದದ್ದು 12ಕ್ಕೆ 1 ಎಂದಾಯಿತು. ಒಂದೇ ಏಟಿಗೆ ಸೊಪ್ಪಿನ ಬೆಲೆ ಅರ್ಧವಾಯಿತು. ಆದರೆ ಅದೇ ಪಟ್ಟಿಯಲ್ಲಿ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕ್ಯಾರೋಟಿನ್ನಿನ ದರ 2ಕ್ಕೆ 1. ಹನ್ನೆರಡಕ್ಕೂ ಎರಡಕ್ಕೂ ನಡುವೆ ಇರುವ ಅಂತರವೇ ಅಡುಗೆಮನೆಯ ಕೆಲಸ. ಹೆಚ್ಚುವುದು, ಬೇಯಿಸುವುದು, ಎಣ್ಣೆ ಹಾಕುವುದು, ಅಗಿಯುವುದು. ಇವೆಲ್ಲ ಸೇರಿ ಆ ಅಂತರದಲ್ಲಿ ಒಂದಿಷ್ಟನ್ನು ಗೆದ್ದುಕೊಡುತ್ತವೆ.

ಒಳಗೆ ನಡೆಯುವುದು ಹೀಗೆ. ಹೆಚ್ಚಿ ಬೇಯಿಸಿದಾಗ ಎಲೆಯ ಕೋಶ ಒಡೆದು ಕ್ಯಾರೋಟಿನ್ ಬಿಡುಗಡೆಯಾಗುತ್ತದೆ. ಅದು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಊಟದಲ್ಲಿ ಜಿಡ್ಡು ಬಂದರೆ ಪಿತ್ತರಸ ಚೆನ್ನಾಗಿ ಸುರಿದು, ಜಿಡ್ಡನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆಯುತ್ತದೆ. ಆ ಕಣಗಳಲ್ಲಿ ಕೂತೇ ಕ್ಯಾರೋಟಿನ್, ವಿಟಮಿನ್ ಇ, ಕೆ ಕರುಳಿನ ಗೋಡೆ ದಾಟುವುದು. ವಿಟಮಿನ್ ಸಿ ಮತ್ತು ಫೋಲೇಟಿನ ಕತೆ ಬೇರೆ. ಅವು ನೀರಿನಲ್ಲಿ ಕರಗುತ್ತವೆ, ಹೆಚ್ಚು ಬೇಯಿಸಿದರೆ ಹಾಳಾಗುತ್ತವೆ. ಹಾಗಾಗಿ ಹಸಿಯದ್ದೂ ಬೇಕು, ಬೇಯಿಸಿದ್ದೂ ಬೇಕು.

ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಸಂಸ್ಥೆಯವರು ಇದೇ ವಿಷಯದಲ್ಲಿ ಪ್ರಯೋಗಾಲಯದ ಕೆಲಸ ಮಾಡಿದ್ದಾರೆ. ದಂಟು, ಮೆಂತ್ಯ, ಕುಂಬಳ, ಕ್ಯಾರೆಟ್‌ಗಳಂಥವನ್ನು ಬೇಯಿಸುವುದರಿಂದ ಕರುಳಿಗೆ ಸಿಗುವ ಕ್ಯಾರೋಟಿನ್ ಹೆಚ್ಚುತ್ತದೆ ಎಂದೂ, ನಿಂಬೆ, ಅರಿಸಿನ, ಈರುಳ್ಳಿ ಜೊತೆಗಿದ್ದರೆ ಹಲವು ತರಕಾರಿಗಳಲ್ಲಿ ಇನ್ನಷ್ಟು ಅನುಕೂಲ ಎಂದೂ ತೋರಿಸಿದರು. ಅರಿಸಿನ ಹಾಕಿ ಬೇಯಿಸಿ, ಈರುಳ್ಳಿ ಒಗ್ಗರಣೆ ಕೊಟ್ಟು, ಇಳಿಸುವಾಗ ನಿಂಬೆ ಹಿಂಡುವ ಪಲ್ಯ ನಮಗೆ ಹೊಸದೇನಲ್ಲ.

ನಮ್ಮ ತಟ್ಟೆಗೆ

ನಮ್ಮ ಅಡುಗೆಯನ್ನು ಸುಮ್ಮನೆ ಹೊಗಳಲು ನಾನು ಇಲ್ಲಿ ನಿಂತಿಲ್ಲ. ಉತ್ತರ ಕರ್ನಾಟಕದವರು ಹಸಿ ಮೆಂತ್ಯಸೊಪ್ಪಿನ ಪಚಡಿಗೆ ಗುರೆಳ್ಳು ಪುಡಿ, ಎಣ್ಣೆ ಹಾಕುತ್ತಾರೆ. ಕರಾವಳಿಯಲ್ಲಿ ಪಲ್ಯಕ್ಕೆ ತೆಂಗಿನತುರಿ. ಮಲೆನಾಡಿನ ಒಂದೆಲಗದ ತಂಬುಳಿಗೆ ತುಪ್ಪದ ಒಗ್ಗರಣೆ. ನಮ್ಮ ಕಡೆ ಕ್ಯಾರೆಟ್ ಕೋಸಂಬರಿಗೆ ಕಾಯಿತುರಿ, ಸಾಸಿವೆ ಒಗ್ಗರಣೆ. ಇವೆಲ್ಲ ಲೆಕ್ಕಕ್ಕೆ ಸರಿಯಾಗಿವೆ, ಆದರೆ ಇವನ್ನು ಮಾಡಿದವರು ಕ್ಯಾರೋಟಿನ್ ನೋಡಿ ಮಾಡಿದವರಲ್ಲ, ರುಚಿ ನೋಡಿ ಮಾಡಿದವರು. ಅದೇ ಅಡುಗೆಮನೆ ಹಬ್ಬದ ದಿನ ಬಾಣಲೆ ತುಂಬ ಎಣ್ಣೆ ಇಟ್ಟು ಬಜ್ಜಿ ಕರಿಯುತ್ತದೆ. ನಮ್ಮ ಉಪಖಂಡದವರಲ್ಲಿ ಹೃದಯದ ಕಾಯಿಲೆ ಬೇಗ ಬರುತ್ತದೆ ಎಂಬುದನ್ನು ಈ ಸಭಾಂಗಣದಲ್ಲಿ ಯಾರೂ ಮರೆಯುವಂತಿಲ್ಲ. ನಮ್ಮಲ್ಲಿ ಹಲವರು ಅಂಥ ಸ್ನೇಹಿತರನ್ನು ಕಳೆದುಕೊಂಡಿದ್ದೇವೆ.

ಆದ್ದರಿಂದ ಲೆಕ್ಕವನ್ನು ಎರಡೂ ಕಡೆ ಬರೆಯಬೇಕು. ಹೈದರಾಬಾದಿನವರು ಹೇಳಿದ್ದು 5 ಗ್ರಾಂ ಸಾಕು ಎಂದು, 50 ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಅಡುಗೆ ಜಿಡ್ಡು ಸಾಕು ಎಂದಿತ್ತು. ನಾಲ್ಕೈದು ಟೀ ಚಮಚ. ಅದರಲ್ಲಿ ಒಂದೊಂದು ಚಮಚ ಮಧ್ಯಾಹ್ನದ ಮತ್ತು ರಾತ್ರಿಯ ತರಕಾರಿಗೆ ಹೋಗಲಿ. ಉಳಿತಾಯ ಮಾಡಬೇಕಾದದ್ದು ಕರಿಯುವ ಬಾಣಲೆಯಲ್ಲಿ, ಪೊಟ್ಟಣದ ತಿಂಡಿಯಲ್ಲಿ. ಪಲ್ಯದ ಒಗ್ಗರಣೆಯಲ್ಲಿ ಅಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಒಬ್ಬರೇ ಅಡುಗೆ ಮಾಡಿಕೊಳ್ಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಒಗ್ಗರಣೆಗೆ ಪುರಸೊತ್ತಿಲ್ಲದಿದ್ದರೆ ಹಸಿ ತರಕಾರಿಯ ಮೇಲೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಉದುರಿಸಿಕೊಳ್ಳಿ, ಇಲ್ಲವೇ ಒಂದು ಮೊಟ್ಟೆ, ಅರ್ಧ ಬೆಣ್ಣೆಹಣ್ಣು. ಗಾಡಿ ಯಾವುದಾದರೂ ಸರಿ, ಸರಕು ಮನೆ ಸೇರಬೇಕು. ಡಾಕ್ಟರು ನಿಮಗೇ ಎಂದು ಹೇಳಿದ ಪಥ್ಯ ಇದ್ದರೆ ಅದೇ ಮೊದಲು. ನನ್ನ ಹಾಗೆ ಅವರ ಮಾತಿಗೆ ನಿಮ್ಮ ಸೊನ್ನೆಯನ್ನು ಸೇರಿಸಬೇಡಿ, ಅಷ್ಟೇ.

ಆ ಚಳಿಗಾಲದಲ್ಲಿ ಅಮ್ಮ ನನ್ನ ಸ್ಪ್ರೆಡ್‌ಶೀಟಿಗೆ ಏನೂ ಅನ್ನಲಿಲ್ಲ. ದಿನಾ ಪಲ್ಯಕ್ಕೆ ಅಳೆದು ನಾಲ್ಕು ಚಮಚ ಎಣ್ಣೆ ಹಾಕುತ್ತಿದ್ದರು, ನಾಲ್ಕು ಜನಕ್ಕೆ. ನಾನು ಡಾಕ್ಟರು ನಿಜವಾಗಿ ಹೇಳಿದ್ದನ್ನು ಮಾಡಿದೆ: ಕರಿದದ್ದು, ಚೀಸು ಬಿಟ್ಟೆ, ನಡೆದೆ. ಮುಂದಿನ ವರ್ಷದ ವರದಿ ಗೆರೆಯ ಒಳಗೆ ಬಂತು. ಮಕ್ಕಳು ಪಾಲಕ್ ತಿನ್ನಲು ಶುರುಮಾಡಿದರು. ಅದು ಎಣ್ಣೆಯ ಮಹಿಮೆಯೋ ಅಜ್ಜಿಯ ಕೈಯ ಮಹಿಮೆಯೋ, ನಾನು ತಪಾಸಣೆ ಮಾಡಲು ಹೋಗಿಲ್ಲ.

ಮಾವ ಈಗಲೂ ಪಾವಗಡದ ಕಡೆ ಸಾಗುವಳಿ ಮಾಡುತ್ತಾರೆ, ಕಡಲೆಕಾಯಿಯನ್ನೇ. ಈಗ ಎಷ್ಟೇ ಬೆಲೆ ಬರಲಿ, ಎರಡು ಮೂಟೆ ಮನೆಗೆ ಎಂದು ಎತ್ತಿಟ್ಟು ಎಣ್ಣೆ ಆಡಿಸಿಕೊಳ್ಳುತ್ತಾರೆ. ಹೋದ ಸಲ ಹೋದಾಗ ತಾತನ ಪುಸ್ತಕದ ಆ ಸಾಲನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. “ಕಾಲು ಸೇರು,” ಅಂದರು, “ಅದರಲ್ಲೂ ಅಕ್ಕ ಒಂದು ತೊಟ್ಟು ಜಾಸ್ತಿ ನನ್ನ ತಟ್ಟೆಗೇ ಹಾಕ್ತಿದ್ಲು.”

ಇನ್ನು ಸ್ವಲ್ಪ ಹೊತ್ತಿಗೆ ಊಟ. ಎಲೆಯ ಮೇಲೆ ಕ್ಯಾರೆಟ್ ಕೋಸಂಬರಿ ಇದೆ ಎಂದು ಅಡುಗೆ ಸಮಿತಿಯವರು ಹೇಳಿದ್ದಾರೆ. ಒಗ್ಗರಣೆ ಹಾಕಿದ್ದಾರೋ ಇಲ್ಲವೋ, ಒಂದು ಸಲ ನೋಡಿಕೊಳ್ಳಿ.